ಸುಂಡಿಲಿ ತೂಕಡಿಸಿದರೆ ಆತಂಕ ಹೋಯಿತು ಅಂತಲ್ಲ

ಒಂದೆಲಗದ ಸಾರ ಕುಡಿಸಿದೆವು, ಸುಂಡಿಲಿಗಳ ಆತಂಕ ಇಳಿಯಿತು ಅನ್ನುವ ಫಾರ್ಮಸಿ ಪ್ರಾಜೆಕ್ಟ್‌ಗಳಿಗೆ ಬರವಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಬದುವಿನಲ್ಲೇ ಗಿಡ ಸಿಗುತ್ತದಲ್ಲ! ಆದರೆ ಎಷ್ಟೋ ಪ್ರಯೋಗಗಳು ಇಲಿಮನೆಗೆ ಕಾಲಿಡುವ ಮೊದಲೇ ಕೆಟ್ಟಿರುತ್ತವೆ.

ಬರೀ 'ಬ್ರಾಹ್ಮಿ' ಅಂತ ಬರೆಯಬೇಡಿ, ಎರಡು ಬೇರೆ ಗಿಡಗಳಿಗೆ ಆ ಹೆಸರಿದೆ. ತಂಬುಳಿಯ ಒಂದೆಲಗ ಸೆಂಟೆಲ್ಲಾ ಏಷ್ಯಾಟಿಕಾ, ಅದರಲ್ಲಿರುವುದು ಏಷ್ಯಾಟಿಕೋಸೈಡ್. ನೀರುಬ್ರಾಹ್ಮಿ ಬಕೋಪಾ ಮೊನ್ನಿಯೇರಿ, ಅದರದ್ದು ಬಕೋಸೈಡ್. ಕೊಳೆರೋಗಕ್ಕೆ ತಾಮ್ರದ ಬೋರ್ಡೋ ದ್ರಾವಣ ಹೊಡೆದ ಅಡಿಕೆ ತೋಟದಲ್ಲಿ ಕಿತ್ತರೆ ಎಲೆಯ ಜೊತೆ ತಾಮ್ರವೂ ಬಂತು. ಮಳೆಗಾಲದಲ್ಲಿ ಅಟ್ಟದ ಮೇಲೆ ಹರವಿದರೆ ಬೂಷ್ಟು ಗ್ಯಾರಂಟಿ.

ಎಥನಾಲ್‌ನಲ್ಲಿ ಸಾರ ತೆಗೆದವರು ಅದನ್ನು ಪೂರ್ತಿ ಆರಿಸಲೇಬೇಕು. ಉಳಿದ ಆಲ್ಕೋಹಾಲೇ ಇಲಿಯ ಅಂಜಿಕೆ ಬಿಡಿಸುತ್ತದೆ, ಹೆಸರು ಮಾತ್ರ ಒಂದೆಲಗಕ್ಕೆ!

ಲೆಕ್ಕ ಸುಲಭ. ಕೆಜಿಗೆ 200 ಮಿಲಿಗ್ರಾಂ ಅಂದರೆ 25 ಗ್ರಾಂ ಸುಂಡಿಲಿಗೆ 5 ಮಿಲಿಗ್ರಾಂ. ಸಾರವನ್ನು 0.5% ಸಿಎಂಸಿಯಲ್ಲಿ (ಸಾರ ತೇಲಿಸಿಡುವ ಅಂಟು ದ್ರಾವಣ) ಮಿಲಿಲೀಟರಿಗೆ 20 ಮಿಲಿಗ್ರಾಂನಂತೆ ಕಲಸಿ, 0.25 ಮಿಲಿಲೀಟರ್ ಕುಡಿಸಿ. ಪ್ರತಿ ಸಲ ಸಿರಿಂಜ್‌ಗೆ ಎಳೆಯುವ ಮುಂಚೆ ಅಲುಗಾಡಿಸಿ. ಇಲ್ಲದಿದ್ದರೆ ಮೊದಲಿನವಕ್ಕೆ ತಿಳಿ, ಕೊನೆಯವಕ್ಕೆ ಗಸಿ. ಕಂಟ್ರೋಲ್ ಗುಂಪಿಗೂ, ಅಂದರೆ ಸಾರ ಕೊಡದೆ ಹೋಲಿಕೆಗೆ ಇಟ್ಟ ಇಲಿಗಳಿಗೂ, ಅಷ್ಟೇ ಸಿಎಂಸಿಯನ್ನು ಅದೇ ಬಗೆಯ ಕುಡಿಸುವ ಸೂಜಿಯಲ್ಲಿ ಕೊಡಬೇಕು. ಗಂಟಲಿಗೆ ಸೂಜಿ ಇಳಿಸುವುದೇ ಒಂದು ಗಾಬರಿ.

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ, ಒಂದು ವಾರದ ಒಗ್ಗಿಕೆ ಎಲ್ಲ ಮೊದಲೇ ಮುಗಿದಿರಲಿ. ಕುಡಿಸಿ ಒಂದು ಗಂಟೆಯ ಮೇಲೆ ಪ್ಲಸ್ ಮೇಜ್‌ನ (ಎತ್ತರದಲ್ಲಿಟ್ಟ ಕೂಡು ಗುರುತಿನ ಹಲಗೆ; ಎರಡು ತೋಳು ತೆರೆದವು, ಎರಡಕ್ಕೆ ಗೋಡೆ) ನಡುವೆ, ಮುಖ ತೆರೆದ ತೋಳಿನ ಕಡೆ ಇರುವಂತೆ ಬಿಡಿ. 5 ನಿಮಿಷ, ಸಾಕು. ಪ್ರತಿ ಇಲಿಯ ನಂತರ 70% ಆಲ್ಕೋಹಾಲ್‌ನಿಂದ ಒರೆಸಿ, ವಾಸನೆ ಹೋಗುವವರೆಗೂ ಕಾಯಿರಿ. ಒಂದು ಇಲಿಗೆ ಒಂದೇ ಸಲ. ಎರಡನೇ ಸಲ ಅದು ತೆರೆದ ತೋಳಿನತ್ತ ಸುಳಿಯುವುದೇ ಕಡಿಮೆ, ಆತಂಕ ಇಳಿಸುವ ಡಯಾಜೆಪಾಮ್ ಮಾತ್ರೆಯ ಔಷಧಿ ಕೊಟ್ಟರೂ ನಾಟುವುದಿಲ್ಲ. ವಿಡಿಯೊ ನೋಡಿ ಎಣಿಸುವವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿರಬಾರದು.

ನನ್ನ ತಕರಾರು ಇರುವುದು ಓದುವ ರೀತಿಯಲ್ಲಿ. ಮೂರೂವರೆ ನಿಮಿಷ ತೆರೆದ ತೋಳಿನಲ್ಲಿ ಕೂತ ಇಲಿಗೆ ಧೈರ್ಯ ಬಂದಿತ್ತೋ, ಏಳಲಾಗದ ಮಂಪರೋ? ಮುಚ್ಚಿದ ತೋಳಿಗೆ ಹೊಕ್ಕ ಸಲಗಳನ್ನು ನೋಡಿ. ಅದು ಕಂಟ್ರೋಲ್‌ನಷ್ಟೇ ಇದ್ದು, ತೆರೆದ ತೋಳಿನ ಪಾಲು ಏರಿದ್ದರೆ ಮಾತಾಡೋಣ. ಎರಡೂ ಬಗೆಯ ತೋಳಿಗೆ ಹೊಕ್ಕ ಸಲಗಳು ಕುಸಿದಿದ್ದರೆ ನಿದ್ದೆ ಬರಿಸಿದ್ದೀರಿ, ಅಷ್ಟೆ. ಈ ಎಣಿಕೆಯೇ ಇಲ್ಲದ ವರದಿಯನ್ನು ನಾನಂತೂ ಅರ್ಧಕ್ಕೇ ಮಡಚಿಡುತ್ತೇನೆ.