ಬರೀ ಹೆಸರು ತೋರಿಸಿದರೆ ಯಾರೂ ಕಾಯುವುದಿಲ್ಲ

ಎದುರಾಳಿ ಕಂಪನಿಯ ಕನ್ಸೋಲ್ (ವಿಡಿಯೋ ಗೇಮ್ ಆಡುವ ಯಂತ್ರ) ಕಡೆ ಜನ ಹೋಗಬಾರದು ಅಂದರೆ ಕಂಪನಿಗಳು ಹೊಸ ಗೇಮ್‌ಗಳನ್ನು ಎರಡು ಮೂರು ವರ್ಷ ಮೊದಲೇ ಘೋಷಿಸಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನಂತೂ ಒಪ್ಪುವುದಿಲ್ಲ. ಜಪಾನಿನ ಗೇಮ್ ಕಂಪನಿ ನಿಂಟೆಂಡೊ 2017ರಲ್ಲಿ ಮೆಟ್ರಾಯ್ಡ್ ಪ್ರೈಮ್ 4 ಅನ್ನೋ ಗೇಮ್‌ನ ಬರೀ ಹೆಸರು ತೋರಿಸಿತು, 2019ರಲ್ಲಿ ಕೆಲಸವನ್ನೆಲ್ಲ ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ ಅಂತ ಹೇಳಿತು, ಕೊನೆಗೆ ಗೇಮ್ ಕೈಗೆ ಸಿಕ್ಕಿದ್ದು 2025ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅವರ ಸ್ವಿಚ್ ಕನ್ಸೋಲ್ ಹಳೆಯದಾಗಿ, ಮುಂದಿನ ಕನ್ಸೋಲ್ ಸ್ವಿಚ್ 2 ಕೂಡ ಬಂದಾಗಿತ್ತು! ಅದೇ ಫಾಲ್‌ಔಟ್ 4 ನೋಡಿ. 2015ರ ಜೂನ್‌ನಲ್ಲಿ ಘೋಷಣೆ, ನವೆಂಬರ್‌ನಲ್ಲಿ ಬಿಡುಗಡೆ. ಹುರುಪು ಆರುವ ಮೊದಲೇ ಗೇಮ್ ಬಂತು.

ನಮ್ಮ ಹುಬ್ಬಳ್ಳಿಯಲ್ಲಿ ಕನ್ಸೋಲ್ ಅಂದರೆ ಸುಮ್ನೆ ತಗೊಳ್ಳುವ ಸಾಮಾನಲ್ಲ, ದೀಪಾವಳಿ ಬೋನಸ್ ಬರಬೇಕು, ಮನೆಯಲ್ಲಿ ಒಪ್ಪಬೇಕು, ಆಮೇಲೆ ಕೊಪ್ಪಿಕರ್ ರೋಡಿಗೆ ಹೋಗಿ ವಿಚಾರಿಸುವುದು. ಆಗ ಕೊಳ್ಳುವವರು ಕೇಳುವುದು ಈಗ ಆಡೋಕೆ ಏನಿದೆ, ಗೆಳೆಯರ ಹತ್ತಿರ ಯಾವುದಿದೆ ಅಂತ. ಮೂರು ವರ್ಷದ ನಂತರದ ಗೇಮ್ ನಂಬಿ ಯಾರು ದುಡ್ಡು ಹಾಕುತ್ತಾರೆ ಹೇಳಿ?

ಕನ್ಸೋಲೇ ಹೊಸದಾದರೆ ಮಾತು ಬೇರೆ, ಮುಂದೇನು ಬರುತ್ತದೆ ಅಂತ ಗೊತ್ತಿರಬೇಕು. ಆದರೆ ಸ್ವಿಚ್ ಅನ್ನೂ 2016ರ ಅಕ್ಟೋಬರ್‌ನಲ್ಲಿ ತೋರಿಸಿ 2017ರ ಮಾರ್ಚ್‌ನಲ್ಲಿ ಮಾರಾಟಕ್ಕೆ ಬಿಟ್ಟರು, ಜೊತೆಗೆ ಅದೇ ದಿನ ಜೆಲ್ಡಾ ಗೇಮೂ ಬಂತು. ಆರು ತಿಂಗಳು ಸಾಕು. ಆಡುವುದನ್ನು ತೋರಿಸಿ, ತಾರೀಖು ಹೇಳಿ, ಆ ತಾರೀಖಿಗೆ ಕೊಡಿ.