ನನ್ನ ಸ್ಕೂಟರ್ ಗೋವಿನಜೋಳ ತಿನ್ನುತ್ತದೆ

ಮೊನ್ನೆ ಬಂಕ್ ಹುಡುಗ ಎಂದಿನಂತೆ "ಝೀರೋ ನೋಡ್ಕೊಳ್ಳಿ ಸಾರ್" ಅಂದ. ನೋಡಿದೆ, ಸರಿಯಾಗೇ ಇತ್ತು. ಝೀರೋ ಪಕ್ಕದಲ್ಲೇ ಇ20 ಚೀಟಿ ಅಂಟಿಸಿದ್ದರು. ಅಂದರೆ ಲೀಟರಿನ ಐದರಲ್ಲಿ ಒಂದು ಪಾಲು ಎಥನಾಲ್, ಗೋವಿನಜೋಳ, ಕಬ್ಬು, ಅಕ್ಕಿಯಿಂದ ಮಾಡಿದ್ದು. ಬೆಲೆ ಮಾತ್ರ ಐದಕ್ಕೆ ಐದೂ ಪಾಲು ಪೆಟ್ರೋಲಿನದೇ.

ನನ್ನದು 2014ರ ಸ್ಕೂಟರ್, ಅದಕ್ಕೆ ದೇಶಸೇವೆ ಅರ್ಥವಾಗಲ್ಲ. 45 ಕೊಡುತ್ತಿದ್ದದ್ದು ಈಗ 43ಕ್ಕೇ ಕೈಚೆಲ್ಲುತ್ತದೆ. ನೀತಿ ಆಯೋಗದ 2021ರ ವರದಿಯಲ್ಲಿ ಇದೆಲ್ಲ ಇತ್ತು ಬಿಡಿ. ಹಳೇ ಬೈಕುಗಳ ಮೈಲೇಜ್ ಶೇ 3-4, ಕಾರುಗಳದು ಶೇ 6-7 ಇಳಿಯಬಹುದು, ಹಾಗಾಗಿ ಈ ಪೆಟ್ರೋಲಿನ ಬೆಲೆ ಕಡಿಮೆ ಇರಲಿ ಅಂತ. ವರದಿಯ ಮೊದಲರ್ಧ ಜಾರಿಗೆ ಬಂದಿದೆ.

ಹೊಗಳಬೇಕಾದ್ದನ್ನು ಹೊಗಳೋಣ. ಶೇ 20ರ ಗುರಿ ಮೊದಲು ಇದ್ದದ್ದು 2030ಕ್ಕೆ, ಮುಟ್ಟಿದ್ದು 2025ಕ್ಕೇ. ಐದು ವರ್ಷ ಮೊದಲೇ ಮುಗಿದ ಸರ್ಕಾರಿ ಕೆಲಸ! ನಮ್ಮ ಬಡಾವಣೆಯ ಮೇಲ್ಸೇತುವೆಗೂ ಒಂದೆರಡು ಡ್ರಮ್ ಎಥನಾಲ್ ಸುರಿದು ನೋಡಬಹುದಿತ್ತು.

ರಾಣೆಬೆನ್ನೂರು ಕಡೆಯ ನಮ್ಮ ಸೋದರಮಾವನಿಗೆ ಫೋನ್ ಮಾಡಿ, "ಮಾಮಾ, ನೀವೀಗ ಬರೀ ಅನ್ನದಾತ ಅಲ್ಲ, ಊರ್ಜಾದಾತ" ಅಂದೆ. "ಅದೇನರ ಇರ್ಲಿ, ಕ್ವಿಂಟಲ್‌ಗೆ ಎಷ್ಟಂತ ಕೇಳು" ಅಂದರು. 2025-26ರಲ್ಲಿ ಗೋವಿನಜೋಳದ ಬೆಂಬಲ ಬೆಲೆ 2,400. ಅವರ ಕಣದಲ್ಲಿ ರಾಶಿ ಮುಂದೆ ನಿಂತು ದಲ್ಲಾಳಿ ಕೇಳಿದ್ದು 1,700. ಒಂದು ಕ್ವಿಂಟಲ್‌ನಿಂದ ಸುಮಾರು 38 ಲೀಟರ್ ಎಥನಾಲ್ ಬರುತ್ತೆ, ಅದಕ್ಕೆ ಆಗ ಲೀಟರಿಗೆ 71.86 ರೂಪಾಯಿ. ಗುಣಿಸಿ ನೋಡಿ. ಮಾಮನಿಗೆ ನಾನು ಗುಣಿಸಿ ಹೇಳಲಿಲ್ಲ, ಬಿಪಿ ಇದೆ.

ಮಾಮನಿಗೆ ಇದು ಹೊಸದೂ ಅಲ್ಲ. 2009ರ ಸುಮಾರಿಗೆ ರಾಜ್ಯದಲ್ಲಿ ಜೈವಿಕ ಇಂಧನ ನೀತಿ ಬಂತಲ್ಲ, ಆಗ ಹೊಂಗೆ ಹಚ್ಚಿ, ಬೇವು ಹಚ್ಚಿ, ಬೀಜ ಆರಿಸಿ, ಡೀಸೆಲ್ ನಿಮ್ಮ ಹೊಲದಲ್ಲೇ ಅಂತ ಒಂದೇ ಸುಗ್ಗಿ. ಯೋಜನೆಯ ಹೆಸರು ಕೇಳಿ, 'ಬರಡು ಬಂಗಾರ'. ಬದುವಿಗೆ ಹಚ್ಚಿದ ನಲವತ್ತು ಸಸಿಗಳಲ್ಲಿ ಉಳಿದದ್ದು ಒಂದು. ಬೀಜ ಕೇಳಲು ಯಾರೂ ಬರಲಿಲ್ಲ, ಬರಡು ಬರಡಾಗೇ ಇದೆ. ನೆರಳು ಮಾತ್ರ ತಂಪು, ಸುಳ್ಳು ಹೇಳಬಾರದು.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನವರು ಟನ್‌ಗೆ 3,500 ಕೇಳಿ ರಸ್ತೆಯಲ್ಲೇ ಮಲಗಿದರು, 3,300ಕ್ಕೆ ಎದ್ದರು. ಬೆಂಗಳೂರು ದಿಲ್ಲಿ ಕಡೆ ಬೆರಳು ತೋರಿಸಿತು, ದಿಲ್ಲಿ ಬೆಂಗಳೂರು ಕಡೆ. ಇದೊಂದು ಶಕ್ತಿ ನಮ್ಮಲ್ಲಿ ಎಂದೂ ಮುಗಿಯಲ್ಲ.

ಅಕ್ಕಿಯ ಕಥೆ ಮಾತ್ರ ತಮಾಷೆಗೆ ಒಗ್ಗುತ್ತಿಲ್ಲ. 2023ರಲ್ಲಿ ಅನ್ನಭಾಗ್ಯಕ್ಕೆ ರಾಜ್ಯ ಕೆಜಿಗೆ 34 ರೂಪಾಯಿ ಕೊಡ್ತೀನಿ ಅಂದರೂ ಕೇಂದ್ರದ ಆಹಾರ ನಿಗಮದಿಂದ ಅಕ್ಕಿ ಸಿಗಲಿಲ್ಲ. 2025ರಲ್ಲಿ ಅದೇ ನಿಗಮದ ಅಕ್ಕಿ ಎಥನಾಲ್ ಕಾರ್ಖಾನೆಗೆ ಕೆಜಿಗೆ 22.50. ಉಣ್ಣುವವರು ಕೇಳಿದಾಗ ಇರಲಿಲ್ಲ, ಟ್ಯಾಂಕ್ ಕೇಳಿದಾಗ ಅಗ್ಗ. ನಾಚಿಕೆ ಆಗಲ್ವಾ? ಆಗಲ್ಲ. ಕೇಳಿ ಕೇಳಿ ನನಗೇ ಸಾಕಾಗಿದೆ.

ಹೋದ ವಾರ ಊರಿಗೆ ಹೋಗಿದ್ದೆ. ಮಾಮ ಆ ಒಂಟಿ ಹೊಂಗೆಯ ನೆರಳಲ್ಲಿ ಟ್ರಾಕ್ಟರ್‌ಗೆ ಕ್ಯಾನ್‌ನಿಂದ ಡೀಸೆಲ್ ಸುರಿಯುತ್ತಿದ್ದರು.

"ಅಳಿಯಾ, ಇದರಾಗೂ ನನ್ನ ಗೋವಿನಜೋಳ ಐತೇನು?"

"ಇಲ್ಲ ಮಾಮಾ, ಅದು ಪೆಟ್ರೋಲ್‌ಗಷ್ಟೇ."

"ಹೌದಾ? ಸುಮ್ನ ಕೇಳ್ದೆ" ಅಂದು ಕ್ಯಾನ್ ಬೋರಲು ಹಾಕಿ, ಕೊನೇ ಹನಿ ಬೀಳೋವರೆಗೂ ಹಿಡಿದೇ ನಿಂತಿದ್ದರು.