ದಿನದ ಬಾಡಿಗೆ, 21 ಗಂಟೆಯ ಕೋಣೆ

ಮುಂಬಯಿಯಿಂದ ಇವತ್ತು ಬೆಳಿಗ್ಗೆಯಷ್ಟೇ ಮಂಗಳೂರಿಗೆ ಮರಳಿದ್ದೇನೆ. ಚೀಲ ಬಿಚ್ಚುವ ಮೊದಲೇ ಇದನ್ನು ಬರೆಯಲು ಕುಳಿತಿದ್ದೇನೆ, ಏಕೆಂದರೆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಗೇರುಬೀಜದ ವ್ಯಾಪಾರ, ಎರಡು ತಿಂಗಳಿಗೊಮ್ಮೆ ಸ್ಯಾಂಪಲ್ ಹಿಡಿದು ಮುಂಬಯಿಗೆ ಓಡುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಾಗ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಹತ್ತು ಗಂಟೆಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಗಿರಾಕಿಯ ಭೇಟಿಯಿದ್ದುದರಿಂದ, ಮಿಂದು ಬಟ್ಟೆ ಬದಲಿಸಲೆಂದೇ ಹತ್ತಿರದ ಹೋಟೆಲೊಂದರಲ್ಲಿ ಕೋಣೆ ಕಾದಿರಿಸಿದ್ದೆ. ಬಾಡಿಗೆ ದಿನಕ್ಕೆ 8,000 ರೂಪಾಯಿ. 7,500 ದಾಟಿದ ಕೋಣೆಗೆ ಶೇಕಡಾ 18ರ ಜಿಎಸ್‌ಟಿ ಸೇರಿ 9,440. ಏಳೂಕಾಲಕ್ಕೆ ಅಲ್ಲಿ ತಲುಪಿದರೆ, ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ, ಈಗಲೇ ಬೇಕಾದರೆ ಇನ್ನೂ 4,000 ಕೊಡಬೇಕು ಎಂಬ ಉತ್ತರ ಬಂತು. ಬಿಡಬೇಕಾದದ್ದು ಮರುದಿನ ಹನ್ನೊಂದಕ್ಕೆ. ಎರಡರಿಂದ ಹನ್ನೊಂದರವರೆಗೆ 21 ಗಂಟೆ. ದಿನವೆಂದು ಬರೆದು ಹಣ ಪಡೆಯುವವರು ಮೂರು ಗಂಟೆಯನ್ನು ತಾವೇ ಇಟ್ಟುಕೊಳ್ಳುವುದು ಯಾವ ನ್ಯಾಯ? ನಾನು 25 ಪೌಂಡಿನ ಗೇರುಬೀಜದ ಡಬ್ಬಿಯಲ್ಲಿ 22 ಪೌಂಡು ತುಂಬಿ ಕಳಿಸಿದರೆ ಯಾರಾದರೂ ಸುಮ್ಮನಿರುತ್ತಾರೆಯೇ?

ಕೊನೆಗೆ ಕೆಳಗಿನ ಶೌಚಾಲಯದಲ್ಲಿ, ಕೈಯೊಡ್ಡಿದಾಗ ಮಾತ್ರ ಹರಿದು ಕೈತೆಗೆದೊಡನೆ ನಿಲ್ಲುವ ನಲ್ಲಿಯ ಕೆಳಗೆ ಬೈರಾಸು ಒದ್ದೆ ಮಾಡಿ, ಕತ್ತು, ಕಂಕುಳು ಒರೆಸಿಕೊಂಡು, ಮಡಿಕೆ ಬಿದ್ದ ಅಂಗಿ ತೊಟ್ಟು ಹೊರಟೆ. ಗಿರಾಕಿ ಪೌಂಡಿಗೆ 300ರಿಂದ 320 ಬೀಜ ತೂಗುವ ಡಬ್ಲ್ಯೂ 320 ದರ್ಜೆಯ ಗೇರು ತಿರುಳನ್ನು ಬಿಳಿ ತಟ್ಟೆಗೆ ಸುರಿದು, ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ, ಮುರಿದು, ಸದ್ದು ಕೇಳಿ ನೋಡಿದರು. ಮಾಲಿನಲ್ಲಿ ಕೊರತೆಯಿರಲಿಲ್ಲ. ಆದರೆ ಮೈಯಲ್ಲಿ ರೈಲಿನ ವಾಸನೆ ಇದೆಯೆಂಬ ಅಳುಕಿಗೆ ಅವರ ಹತ್ತಿರ ಕೂರಲಾಗದೆ, ಬೇಗ ಮುಗಿಸಿ ಏಳಬೇಕೆಂದು, ಕಿಲೋಗೆ ಐದು ರೂಪಾಯಿ ಬಿಟ್ಟುಕೊಟ್ಟೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಿಂದಿನವರು ಬಿಟ್ಟ ಮೇಲೆ ಕೋಣೆ ಗುಡಿಸಿ, ಹಾಸಿಗೆ ಬದಲಿಸಲು ಸಮಯ ಬೇಡವೇ ಎಂದು ಕೆಲವರು ಕೇಳಬಹುದು. ನಾಲ್ಕು ಸಾವಿರ ಕೊಟ್ಟರೆ ಆ ಕ್ಷಣವೇ ಸಿಗುತ್ತಿದ್ದ ಕೋಣೆ ಗುಡಿಸಿ ಸಿದ್ಧವಾಗಿಯೇ ಇತ್ತಲ್ಲ! ಉಡುಪಿಯ ಮಠದ ಸುತ್ತಮುತ್ತ, ನಮ್ಮ ಮಂಗಳೂರಿನಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ ಬಸ್ಸಿಳಿದು ಬಂದವರಿಗೂ ಕೀಲಿಕೈ ಕೊಟ್ಟು, ಪುಸ್ತಕದಲ್ಲಿ ಬರೆದ ಹೊತ್ತಿನಿಂದ 24 ಗಂಟೆ ಎಣಿಸುವ ಲಾಡ್ಜುಗಳು ಈಗಲೂ ಇವೆ. ಅಲ್ಲಿಯೂ ಹಾಸಿಗೆ ಬದಲಿಸುತ್ತಾರೆ. ಮುಂಬಯಿ ದುಬಾರಿ ಎಂಬುದು ನನ್ನ ತಕರಾರೇ ಅಲ್ಲ. ಅಲ್ಲಿನ ನೆಲದ ಬೆಲೆಗೆ ತಕ್ಕ ಬಾಡಿಗೆಯನ್ನು ಒಪ್ಪಿಯೇ ಹೋಗಿದ್ದೇನೆ. ಕೊಟ್ಟ ದುಡ್ಡಿಗೆ ಪೂರ್ತಿ ಒಂದು ದಿನ ಸಿಗಬೇಕು, ಅಷ್ಟೇ.

ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯುವ ಮೊದಲು ಅಪ್ಪ ಬಸ್ಸಿನಲ್ಲಿ ಮುಂಬಯಿಗೆ ಹೋಗುತ್ತಿದ್ದರು. ಮಾಟುಂಗಾದಲ್ಲಿ ನಮ್ಮ ಊರಿನವರೊಬ್ಬರ ಹೋಟೆಲಿನ ಹಿತ್ತಲಲ್ಲಿ ಅವರಿಗಾಗಿ ಬಿಸಿನೀರಿನ ಬಕೆಟ್ ಇರುತ್ತಿತ್ತಂತೆ. "ಮೊದಲು ಮಿಂದು ಬನ್ನಿ, ಆಮೇಲೆ ಮಾತಾಡುವ" ಎನ್ನುತ್ತಿದ್ದರಂತೆ ಆ ಯಜಮಾನರು. ಬಾಡಿಗೆಯ ಮಾತೇ ಇರಲಿಲ್ಲ. ಮೊನ್ನೆ ಗಿರಾಕಿಯ ಕಚೇರಿಯಿಂದ ಹೊರಟವನು ಅದೇ ಮಾಟುಂಗಾಕ್ಕೆ ಹೋಗಿ, 1942ರಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆಯ ಮುಂದೆ ಕುಳಿತೆ. ಮೀಯದೆ ಊಟಕ್ಕೆ ಕೂತದ್ದು ನನಗೆ ನೆನಪಿರುವಂತೆ ಅದೇ ಮೊದಲು. ಸಾರಿನ ರುಚಿಯೂ ಸರಿಯಾಗಿ ಹತ್ತಲಿಲ್ಲ.

ಎರಡೂವರೆಗೆ ಕೋಣೆ ಸೇರಿ ಮಿಂದೆ. ಮರುದಿನ ಹತ್ತೂಮುಕ್ಕಾಲಕ್ಕೆ ಕೋಣೆಯ ಫೋನು ಬಡಿದುಕೊಂಡಿತು: ಹನ್ನೊಂದಾಗುತ್ತಾ ಬಂತು, ಬಿಡುತ್ತೀರಾ? ರೈಲು ಇದ್ದದ್ದು ಮೂರರ ಮೇಲೆ.

ಕುರ್ಲಾ, ಸಯನ್, ಮಾಟುಂಗಾ ಕಡೆ 24 ಗಂಟೆಯ ಲೆಕ್ಕದ ಲಾಡ್ಜ್ ಗೊತ್ತಿರುವವರು ದಯವಿಟ್ಟು ತಿಳಿಸಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದು ಬಿಸಿನೀರು ಕೊಡುವಂತಿರಬೇಕು.